ಪದ ಪರಿಚಯ: ಸ್ಟೆರಾಯ್ಡ್ ಗ್ರಾಹಕ

ಸ್ಟೆರಾಯ್ಡ್ ಹಾರ್ಮೋನು ಜೀನ್‌ಗಳನ್ನು ನಿಯಂತ್ರಿಸುತ್ತದೆ ಎಂದು ಓದಿರುತ್ತೇವೆ. ನಿಜಕ್ಕೂ ಡಿಎನ್‌ಎಯನ್ನು ಮುಟ್ಟುವುದು ಹಾರ್ಮೋನಲ್ಲ, ಅದನ್ನು ಹಿಡಿದುಕೊಂಡ ಪ್ರೋಟೀನು. ಆ ಪ್ರೋಟೀನೇ ಸ್ಟೆರಾಯ್ಡ್ ಗ್ರಾಹಕ ಅಥವಾ ರಿಸೆಪ್ಟರ್.

ಕಾರ್ಟಿಸಾಲನ್ನೇ ನೋಡೋಣ. ಅಡ್ರಿನಲ್ ಗ್ರಂಥಿಯ ಹೊರಪದರದಲ್ಲಿ ಕೊಲೆಸ್ಟರಾಲ್‌ನಿಂದ ತಯಾರಾಗುವ ಇದು ಜಿಡ್ಡಿನ ಜಾತಿಯದು. ಕೋಶದ ಪೊರೆಯೂ ಜಿಡ್ಡಿನದೇ ಆದ್ದರಿಂದ ಸಲೀಸಾಗಿ ಒಳಗೆ ನುಸುಳುತ್ತದೆ. ಮನುಷ್ಯರಲ್ಲಿ 777 ಅಮೈನೋ ಆಮ್ಲಗಳಷ್ಟು ಉದ್ದದ ಇದರ ಗ್ರಾಹಕ, ಕೋಶದ್ರವ್ಯದಲ್ಲಿ ಎಚ್‌ಎಸ್‌ಪಿ90 ಎಂಬ ಪ್ರೋಟೀನಿನ ಆಸರೆಯಲ್ಲಿ ಕಾದಿರುತ್ತದೆ. ಹಾರ್ಮೋನು ಕೂರುವ ಗುಳಿ ಮುಚ್ಚಿಹೋಗದಂತೆ ಹಿಡಿದಿಡುವುದು ಈ ಆಸರೆಯೇ. ಅದನ್ನು ತಪ್ಪಿಸಿದರೆ ಕಾರ್ಟಿಸಾಲ್ ಎಷ್ಟೇ ಇದ್ದರೂ ಪ್ರಯೋಜನವಿಲ್ಲ.

ಹಾರ್ಮೋನು ಕೂತಾಗ ಗ್ರಾಹಕದ ಆಕಾರ ಬದಲಾಗುತ್ತದೆ. ಅದು ಕೋಶಕೇಂದ್ರಕ್ಕೆ ಹೋಗಿ, ಜೋಡಿಯಾಗಿ, ಡಿಎನ್‌ಎ ಮೇಲಿನ 15 ಅಕ್ಷರಗಳ ಗುರುತೊಂದನ್ನು ಹಿಡಿಯುತ್ತದೆ: ಎ-ಜಿ-ಎ-ಎ-ಸಿ-ಎ, ನಡುವೆ ಯಾವುದಾದರೂ 3 ಅಕ್ಷರ, ಆಮೇಲೆ ಟಿ-ಜಿ-ಟಿ-ಟಿ-ಸಿ-ಟಿ. ಎದುರು ಎಳೆಯಲ್ಲಿ ಓದಿದರೆ ಎರಡನೆಯ ತುಂಡೂ ಮೊದಲನೆಯದೇ; ಜೋಡಿಯಲ್ಲಿ ಒಂದೊಂದಕ್ಕೆ ಒಂದೊಂದು ಹಿಡಿಕೆ. ಗ್ರಾಹಕದ ಹಿಡಿಯುವ ಭಾಗದಲ್ಲಿ ಎರಡು ಸತುವಿನ ಅಯಾನುಗಳಿದ್ದು, ಪ್ರತಿಯೊಂದನ್ನೂ ಸಿಸ್ಟೀನ್ ಎಂಬ ನಾಲ್ಕು ಅಮೈನೋ ಆಮ್ಲಗಳು ಕಚ್ಚಿಕೊಂಡಿರುತ್ತವೆ. ಮೇಲೆ ಬರೆದದ್ದು ಆದರ್ಶ ರೂಪ. ನಿಜವಾದ ಜೀನ್‌ಗಳ ಬಳಿ ಒಂದೆರಡು ಅಕ್ಷರ ಆಚೀಚೆ ಆಗಿರುತ್ತವೆ; ಆದರೆ ನಡುವಿನ 3ರ ಅಂತರ ಕೆಟ್ಟರೆ ಹಿಡಿತ ಸಡಿಲ.

ಹಿಡಿದ ಮೇಲೆ ಸಹಾಯಕ ಪ್ರೋಟೀನುಗಳು ಬಂದು ಡಿಎನ್‌ಎ ಸುತ್ತಿಕೊಂಡಿರುವ ಹಿಸ್ಟೋನ್ ಪ್ರೋಟೀನುಗಳಿಗೆ ಅಸಿಟೈಲ್ ಎಂಬ ಪುಟ್ಟ ರಾಸಾಯನಿಕ ಗುಂಪನ್ನು ಅಂಟಿಸಿ ಡಿಎನ್‌ಎ ಸುರುಳಿಯನ್ನು ಸಡಿಲಿಸುತ್ತವೆ, ಆರ್‌ಎನ್‌ಎ ನಕಲು ಶುರುವಾಗುತ್ತದೆ. ಲಿವರ್‌ನಲ್ಲಿ ಗ್ಲೂಕೋಸ್ ತಯಾರಿಸುವ ಕಿಣ್ವಗಳು ಹೀಗೇ ಹೆಚ್ಚುತ್ತವೆ. ಸ್ಟೆರಾಯ್ಡ್ ಮಾತ್ರೆ ನುಂಗುವವರ ಸಕ್ಕರೆ ಏರಲು ಇದೂ ಒಂದು ಕಾರಣ. ಉರಿಯೂತದ ವಿಷಯದಲ್ಲಿ ನಡೆಯುವುದು ಉಲ್ಟಾ: ಇದೇ ಗ್ರಾಹಕ, ಉರಿಯೂತದ ಜೀನ್‌ಗಳನ್ನು ಚಾಲೂ ಮಾಡುವ ಎನ್‌ಎಫ್-ಕಪ್ಪಾಬಿಯಂಥ ಪ್ರೋಟೀನುಗಳ ಕೆಲಸಕ್ಕೆ ಅಡ್ಡ ನಿಂತು ಜೀನ್‌ಗಳನ್ನು ಅಡಗಿಸುತ್ತದೆ. ನಕಲು, ಪ್ರೋಟೀನ್ ತಯಾರಿ ಎಲ್ಲಕ್ಕೂ ಹೊತ್ತು ಹಿಡಿಯುವುದರಿಂದ ಪರಿಣಾಮಕ್ಕೆ ಗಂಟೆಗಳೇ ಬೇಕು. ಆಸ್ತಮಾ ಉಲ್ಬಣಿಸಿದಾಗ ಸ್ಟೆರಾಯ್ಡ್ ಜೊತೆಗೆ, ಶ್ವಾಸನಾಳವನ್ನು ಬೇಗ ಸಡಿಲಿಸುವ ಸಾಲ್ಬುಟಮಾಲ್ ಕೊಡುವುದು ಅದಕ್ಕೇ.

ಗ್ರಾಹಕಗಳು ಮೋಸಹೋಗುವುದೂ ಉಂಟು. ಉಪ್ಪು ಹಿಡಿದಿಡಲು ಕಿಡ್ನಿಯಲ್ಲಿರುವ, ಆಲ್ಡೊಸ್ಟಿರೋನ್ ಎಂಬ ಇನ್ನೊಂದು ಸ್ಟೆರಾಯ್ಡ್ ಹಾರ್ಮೋನಿನ ಗ್ರಾಹಕಕ್ಕೆ ಕಾರ್ಟಿಸಾಲ್ ಬಂದರೂ ಅಷ್ಟೇ ಪ್ರೀತಿ. ರಕ್ತದಲ್ಲಿ ಕಾರ್ಟಿಸಾಲ್ ಬೇರೆ ಬಹಳ ಪಾಲು ಜಾಸ್ತಿ. ಹಾಗಾಗಿ ಅಲ್ಲಿನ ಕೋಶಗಳಲ್ಲಿ ಒಂದು ಕಿಣ್ವ ಕಾರ್ಟಿಸಾಲನ್ನು ಕಾರ್ಟಿಸೋನ್ ಆಗಿಸಿ ನಿಷ್ಕ್ರಿಯಗೊಳಿಸುತ್ತಿರುತ್ತದೆ. ಕೆಮ್ಮಿಗೆ ಚೀಪುವ ಜೇಷ್ಠಮಧುವಿನ ಸಿಹಿ ಅಂಶ ಆ ಕಿಣ್ವವನ್ನೇ ತಡೆಯುತ್ತದೆ. ವಾರಗಟ್ಟಲೆ ಹೆಚ್ಚು ತಿಂದವರಲ್ಲಿ ಸೋಡಿಯಂ ನಿಂತು, ಪೊಟ್ಯಾಸಿಯಂ ಸೋರಿ, ಬಿಪಿ ಏರಬಹುದು. ವಿಚಿತ್ರವೆಂದರೆ ಪರೀಕ್ಷೆ ಮಾಡಿಸಿದರೆ ಆಲ್ಡೊಸ್ಟಿರೋನ್ ಕಡಿಮೆಯೇ ಇರುತ್ತದೆ.