ಪದ ಪರಿಚಯ: ಪೂರೈಕೆಯ ಸ್ಥಿತಿಸ್ಥಾಪಕತ್ವ

ಬೆಲೆ ಶೇ. 1ರಷ್ಟು ಏರಿದರೆ ಮಾರಾಟಕ್ಕೆ ಬರುವ ಸರಕು ಶೇಕಡಾ ಎಷ್ಟು ಹೆಚ್ಚುತ್ತದೆ? ಈ ಪ್ರಶ್ನೆಗೆ ಸಿಗುವ ಸಂಖ್ಯೆಯೇ ಪೂರೈಕೆಯ ಸ್ಥಿತಿಸ್ಥಾಪಕತ್ವ. ಅದು 1ಕ್ಕಿಂತ ದೊಡ್ಡದಾದರೆ ಪೂರೈಕೆ ಸ್ಥಿತಿಸ್ಥಾಪಕ, ಚಿಕ್ಕದಾದರೆ ಅಸ್ಥಿತಿಸ್ಥಾಪಕ. 0 ಆದರೆ ಬೆಲೆ ಎಷ್ಟೇ ಕುಣಿದರೂ ಸರಕು ಕದಲುವುದಿಲ್ಲ. ಪದ ಬಂದದ್ದು ಭೌತಶಾಸ್ತ್ರದಿಂದ. ಎಳೆದ ರಬ್ಬರು ಬಿಟ್ಟೊಡನೆ ಮೊದಲಿನ ಸ್ಥಿತಿಗೆ ಮರಳುವ ಗುಣಕ್ಕೆ ಅಲ್ಲಿ ಈ ಹೆಸರು. ಅರ್ಥಶಾಸ್ತ್ರಕ್ಕೆ ಬೇಕಾದದ್ದು ಎಳೆದಾಗ ಎಷ್ಟು ಹಿಗ್ಗಿತು ಎಂಬ ಅರ್ಧ ಮಾತ್ರ. ಮರಳುತ್ತದೆ ಎಂಬ ಇನ್ನರ್ಧವನ್ನು ನಂಬಿದರೆ ಅಡಿಕೆಯ ವಿಷಯದಲ್ಲಿ ಎಡವುತ್ತೇವೆ.

ಮೊದಲು ಲೆಕ್ಕ. ಬಂಗಡೆ ಮೀನು ಕಿಲೋಗೆ 100 ರೂಪಾಯಿ ಇದ್ದಾಗ ದಿನಕ್ಕೆ 50 ಬುಟ್ಟಿ, 140 ಆದಾಗ 60 ಬುಟ್ಟಿ ಬರುತ್ತದೆ ಎಂದಿಟ್ಟುಕೊಳ್ಳಿ. ಬೆಲೆ ಶೇ. 40, ಪ್ರಮಾಣ ಶೇ. 20 ಏರಿತು, ಉತ್ತರ 0.5. ಅದೇ ದಾರಿಯಲ್ಲಿ 140ರಿಂದ 100ಕ್ಕೆ ಇಳಿದರೆ 16.67ನ್ನು 28.57ರಿಂದ ಭಾಗಿಸಬೇಕು, ಉತ್ತರ 0.58. ಹತ್ತುವಾಗ ಒಂದು, ಇಳಿಯುವಾಗ ಇನ್ನೊಂದು. ಈ ಗೊಂದಲ ತಪ್ಪಿಸಲು ಸರಾಸರಿಯ ಮೇಲೆ ಲೆಕ್ಕ ಹಾಕುತ್ತಾರೆ: 10ನ್ನು 55ರಿಂದ ಭಾಗಿಸಿದರೆ 0.18, 40ನ್ನು 120ರಿಂದ ಭಾಗಿಸಿದರೆ 0.33, ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಸುಮಾರು 0.55.

ಪರೀಕ್ಷೆಯಲ್ಲಿ ಹೆಚ್ಚು ಅಂಕ ಹೋಗುವುದು ನಕ್ಷೆಯಲ್ಲಿ. ಗೆರೆ ಕಡಿದಾಗಿದೆ ಎಂದೊಡನೆ ಅಸ್ಥಿತಿಸ್ಥಾಪಕ ಎಂದು ಬರೆದುಬಿಡುತ್ತಾರೆ. ಮೂಲಬಿಂದುವಿನಿಂದ ಹೊರಟ ನೇರ ಗೆರೆ ಕಡಿದಾಗಿರಲಿ, ಮಲಗಿರಲಿ, ಅದರ ಪ್ರತಿ ಬಿಂದುವಿನಲ್ಲೂ ಉತ್ತರ 1. ಗೆರೆ ಬೆಲೆಯ ಅಕ್ಷದಿಂದ ಹೊರಟಿದ್ದರೆ 1ಕ್ಕಿಂತ ಹೆಚ್ಚು, ಪ್ರಮಾಣದ ಅಕ್ಷದಿಂದ ಹೊರಟಿದ್ದರೆ ಕಡಿಮೆ.

ಈ ಸಂಖ್ಯೆ ಸರಕಿಗೆ ಅಂಟಿಕೊಂಡ ಗುಣವಲ್ಲ, ಕೊಟ್ಟ ಕಾಲಾವಕಾಶದ ಗುಣ. 1890ರಲ್ಲಿ ಅರ್ಥಶಾಸ್ತ್ರಜ್ಞ ಆಲ್ಫ್ರೆಡ್ ಮಾರ್ಷಲ್ ಇದನ್ನು ವಿವರಿಸಲು ಆರಿಸಿಕೊಂಡದ್ದೂ ಮೀನನ್ನೇ, ಹಾಗಾಗಿ ಕಾರವಾರದ ವಿದ್ಯಾರ್ಥಿಗೆ ಉದಾಹರಣೆ ಹುಡುಕುವ ಕಷ್ಟವಿಲ್ಲ. ಬೆಳಿಗ್ಗೆ ಬೈತಖೋಲ ಬಂದರಿನಲ್ಲಿ ಬುಟ್ಟಿ ಇಳಿದಾಯಿತು. ಆ ಹೊತ್ತಿಗೆ ಗೋವಾದಿಂದ ನಾಲ್ಕು ಲಾರಿ ಹೆಚ್ಚಿಗೆ ಬಂದರೂ ಮೀನು ಹೆಚ್ಚುವುದಿಲ್ಲ, ದರವಷ್ಟೇ ಹೆಚ್ಚುತ್ತದೆ. ಪೂರೈಕೆಯ ಸ್ಥಿತಿಸ್ಥಾಪಕತ್ವ ಹೆಚ್ಚುಕಮ್ಮಿ 0. ಪೂರ್ತಿ 0 ಎನ್ನುವಂತಿಲ್ಲ: ದರ ಬಿದ್ದ ದಿನ ಒಂದಷ್ಟು ಮಂಜುಗಡ್ಡೆಗೆ, ಒಂದಷ್ಟು ಉಪ್ಪಿಗೆ, ತಾರ್ಲೆ (ಬೂತಾಯಿ) ಮೀನಾದರೆ ಫಿಶ್‌ಮೀಲ್ ಕಾರ್ಖಾನೆಗೂ ಹೋಗುತ್ತದೆ. ದರ ಕೆಲವು ವಾರ ನಿಂತರೆ ಇದ್ದ ಬೋಟುಗಳೇ ಹೆಚ್ಚು ಡೀಸೆಲ್ ಸುಟ್ಟು ಹೆಚ್ಚು ಸಲ ಹೋಗುತ್ತವೆ. ಆದರೆ ಜೂನ್ 1ರಿಂದ ಜುಲೈ 31ರವರೆಗಿನ 61 ದಿನದ ನಿಷೇಧದಲ್ಲಿ ಯಾಂತ್ರಿಕ ಬೋಟಿಗೆ ಆ ಅವಕಾಶವೂ ಇಲ್ಲ. ದರ ಎರಡು ಪಟ್ಟಾದರೂ ಅವು ಕಟ್ಟಿದಲ್ಲೇ ಇರುತ್ತವೆ. ವರ್ಷಗಳೇ ಕೊಟ್ಟರೆ ಹೊಸ ಬೋಟು ಬರುತ್ತದೆ, ಪೂರೈಕೆ ಹಿಗ್ಗುತ್ತದೆ ಎನ್ನುವುದು ಪಠ್ಯದ ಮಾತು. ಸಮುದ್ರ ಅದಕ್ಕೆ ಒಪ್ಪಬೇಕಲ್ಲ! ಮೊಟ್ಟೆಯಿಡುವಷ್ಟು ಮೀನೂ ಉಳಿಯದಂತೆ ಬಲೆ ಬಿದ್ದರೆ ದರ ಏರಿದಂತೆ ಬಲೆಗೆ ಸಿಗುವ ಮೀನು ಇಳಿಯುತ್ತದೆ, ಪೂರೈಕೆಯ ರೇಖೆ ಹಿಂದಕ್ಕೆ ಬಾಗುತ್ತದೆ. ಅರ್ಥಶಾಸ್ತ್ರಜ್ಞ ಪಾರ್ಜಿವಲ್ ಕೋಪ್ಸ್ 1970ರಲ್ಲಿ ಮೀನುಗಾರಿಕೆಗೆ ಬಿಡಿಸಿ ತೋರಿಸಿದ ರೇಖೆ ಇದೇ.

ಘಟ್ಟ ಹತ್ತಿ ಶಿರಸಿಗೆ ಬಂದರೆ ಕಾಲದ ಅಳತೆಯೇ ಬೇರೆ. ಈ ವರ್ಷ ದರ ಏರಿತೆಂದು ಅಡಿಕೆ ಸಸಿ ನೆಟ್ಟರೆ ಫಸಲು ಕಾಣಲು ಐದರಿಂದ ಏಳು ವರ್ಷ. ಅಲ್ಲಿಯವರೆಗೆ ಬೆಳೆಗಾರನ ಕೈಯಲ್ಲಿರುವುದು ಇದ್ದ ಮರದ ಕೊನೆ (ಕಾಯಿಗೊಂಚಲು) ಉಳಿಸಿಕೊಳ್ಳುವುದು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಬೋರ್ಡೋ ಮದ್ದನ್ನು ಮಳೆಗೆ ಮುಂಚೆ ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ ಹೊಡೆಯುತ್ತಾರೆ. ದರ ಚೆನ್ನಾಗಿದ್ದರೆ ಎರಡನೆಯ ಮದ್ದು ತಪ್ಪುವುದಿಲ್ಲ, ಕೊಳೆರೋಗಕ್ಕೆ ಹೋಗುವುದು ಕಡಿಮೆಯಾಗುತ್ತದೆ. ಅಲ್ಪಾವಧಿಯಲ್ಲಿ ಹಿಗ್ಗುವುದು ಅಷ್ಟೇ.

ಆದರೆ ‘ಅಡಿಕೆ’ ಎಂಬ ಬದಲು ‘ಚಾಲಿ’ ಎಂದು ಕೇಳಿ, ಉತ್ತರ ಬದಲಾಗುತ್ತದೆ. ಹಸಿಗೊನೆ ಕೊಯ್ದು ಸುಲಿದು ಬೇಯಿಸಿದರೆ ಕೆಂಪಡಿಕೆ. ಹಣ್ಣಾಗಲು ಬಿಟ್ಟು, ಸಿಪ್ಪೆ ಸಮೇತ ಅಂಗಳದಲ್ಲಿ ಒಂದೂವರೆ ತಿಂಗಳು ಒಣಗಿಸಿ ಸುಲಿದರೆ ಚಾಲಿ. ಚಾಲಿಯ ದರ ಮೇಲಿದ್ದರೆ ಅದೇ ತೋಟದಿಂದ ಅದೇ ವರ್ಷ ಹೆಚ್ಚು ಚಾಲಿ ಬರುತ್ತದೆ. ಸರಕನ್ನು ಎಷ್ಟು ಕಿರಿದಾಗಿ ಹೆಸರಿಸುತ್ತೇವೋ ಸ್ಥಿತಿಸ್ಥಾಪಕತ್ವ ಅಷ್ಟು ಹೆಚ್ಚು.

ಅಂಕಿ ಸಂಗ್ರಹಿಸಿ ಪ್ರಾಜೆಕ್ಟ್ ಮಾಡುವವರು ಜಾರುವ ಜಾಗ ಎರಡಿವೆ. ಎಪಿಎಂಸಿಯ ಆವಕವನ್ನು (ಮಾರುಕಟ್ಟೆಗೆ ಬಂದ ಸರಕನ್ನು) ಉತ್ಪಾದನೆ ಎಂದು ಓದುವುದು ಒಂದು. ಚಾಲಿ ಅಟ್ಟದ ಮೇಲೆ ತಿಂಗಳುಗಟ್ಟಲೆ ಕೂರಬಲ್ಲದು. ದರ ಏರಿದೊಡನೆ ಮೂಟೆ ಇಳಿದು ಬಂದರೆ ಆವಕ ಹೆಚ್ಚುತ್ತದೆ, ಮರದಲ್ಲಿ ಒಂದು ಕಾಯಿಯೂ ಹೆಚ್ಚಿರುವುದಿಲ್ಲ. ‘ಇನ್ನೂ ಏರುತ್ತದೆ, ತಡಿ’ ಎಂದುಕೊಂಡರೆ ಆವಕ ಇಳಿಯುವುದೂ ಉಂಟು. ಇನ್ನೊಂದು, ಕೊಳೆ ಬಂದ ವರ್ಷದ ಅಂಕಿ. ಫಸಲು ಇಳಿದು ದರ ಏರಿದ್ದನ್ನು ಸೂತ್ರಕ್ಕೆ ಹಾಕಿದರೆ ಋಣ ಸಂಖ್ಯೆ ಬರುತ್ತದೆ. ಅಲ್ಲಿ ಪೂರೈಕೆಯ ರೇಖೆಯೇ ಎಡಕ್ಕೆ ಸರಿದಿದೆ. ನೀವು ಅಳೆದದ್ದು ಬೇಡಿಕೆಯ ರೇಖೆಯನ್ನು.

ಇನ್ನು ಇಳಿಯುವ ದಾರಿ. ದರ ಏರಿದಾಗ ನೆಟ್ಟ ಮರವನ್ನು ದರ ಬಿದ್ದಾಗ ಯಾರೂ ಕಡಿಯುವುದಿಲ್ಲ. ನೆಟ್ಟ ಖರ್ಚು ಮುಗಿದ ಕಥೆ. ಕೊನೆಕೊಯ್ಲು, ಸುಲಿತ, ಒಣಗಿಸುವಿಕೆಯ ಖರ್ಚು ಗಿಟ್ಟುತ್ತಿರುವಷ್ಟು ಕಾಲ ಆ ಮರದ ಫಸಲು ದಶಕಗಟ್ಟಲೆ ಮಾರುಕಟ್ಟೆಗೆ ಬರುತ್ತಲೇ ಇರುತ್ತದೆ. ದೀರ್ಘಾವಧಿಯಲ್ಲಿ ಏರುದರಕ್ಕೆ ಹಿಗ್ಗಿದ ಪೂರೈಕೆ ಇಳಿದರಕ್ಕೆ ಕುಗ್ಗದು. ಆದ್ದರಿಂದ ಅಡಿಕೆಗೆ ದರ ಏರುವ ವರ್ಷಗಳ ಸ್ಥಿತಿಸ್ಥಾಪಕತ್ವವನ್ನೂ ಇಳಿಯುವ ವರ್ಷಗಳ ಸ್ಥಿತಿಸ್ಥಾಪಕತ್ವವನ್ನೂ ಬೇರೆ ಬೇರೆಯಾಗಿಯೇ ಕಂಡುಹಿಡಿಯಬೇಕು.