ಸಿಗದ ಲಾಕನ್ನು ಬಿಡುವ ಕೋಡ್

ಕೋಡ್ ರಿವ್ಯೂ ಮಾಡುವಾಗ ನನಗೆ ಪದೇ ಪದೇ ಸಿಗುವ ಒಂದು ತಪ್ಪಿದೆ. ಪೈಥಾನ್‌ನ ಅಸಿಂಕ್ ಫಂಕ್ಷನ್ (ಕಾಯುವಾಗ ಬೇರೆ ಟಾಸ್ಕ್‌ಗಳಿಗೆ ಜಾಗ ಬಿಡುವಂಥದ್ದು) ಒಳಗೆ ಮೊದಲು ಟ್ರೈ, ಅದರೊಳಗೆ ಅವೇಟ್ (ಸಿಗುವವರೆಗೆ ಕಾಯಿ ಅಂತ) ಹಾಕಿ ಲಾಕ್ ಅಕ್ವೈರ್, ಅಂದರೆ ಒಮ್ಮೆಗೆ ಒಂದೇ ಟಾಸ್ಕ್ ಒಳಗೆ ಬಿಡುವ ಬೀಗವನ್ನು ಹಿಡಿಯುವುದು, ಕೊನೆಗೆ ಏನೇ ಆದರೂ ಓಡುವ ಫೈನಲಿಯಲ್ಲಿ ರಿಲೀಸ್, ಅಂದರೆ ಅದನ್ನು ಬಿಡುವುದು. ನೋಡೋಕೆ ಅಚ್ಚುಕಟ್ಟಾಗೇ ಇರುತ್ತದೆ.

ಮೂರು ಟಾಸ್ಕ್ ಇವೆ ಅಂದುಕೊಳ್ಳಿ. ಒಂದನೆಯದು ಲಾಕ್ ಹಿಡಿದು ಸರ್ವರ್‌ನಿಂದ ಹೊಸ ಟೋಕನ್ ತರುತ್ತಿದೆ. ಉಳಿದೆರಡು ಸರದಿಯಲ್ಲಿ ಕಾಯುತ್ತಿವೆ. ಅಷ್ಟರಲ್ಲಿ ಎರಡನೆಯದು ಕ್ಯಾನ್ಸಲ್ ಆಯಿತು. ಅದಕ್ಕೆ ಲಾಕ್ ಸಿಕ್ಕೇ ಇಲ್ಲ, ಆದರೂ ಫೈನಲಿ ಓಡುತ್ತದೆ, ರಿಲೀಸ್ ಆಗುತ್ತದೆ. ಪೈಥಾನ್‌ನ ಅಸಿಂಕ್‌ಐಓ ಲೈಬ್ರರಿಯ ಲಾಕ್‌ಗೆ ತನ್ನನ್ನು ಹಿಡಿದವರು ಯಾರು ಅನ್ನೋದು ಗೊತ್ತಿರುವುದಿಲ್ಲ. ಹಾಕಿದೆಯಾ, ತೆಗೆದಿದೆಯಾ, ಅಷ್ಟೇ ಅದರ ಲೆಕ್ಕ. ಹಾಗಾಗಿ ಒಂದನೆಯದರ ಲಾಕ್ ಸದ್ದಿಲ್ಲದೆ ಬಿಚ್ಚಿಕೊಳ್ಳುತ್ತದೆ. ಮೂರನೆಯದು ಒಳಗೆ ನುಗ್ಗುತ್ತದೆ. ಈಗ ಟೋಕನ್ ತರೋಕೆ ಇಬ್ಬರು! ಒಂದನೆಯದು ಕೆಲಸ ಮುಗಿಸಿ ರಿಲೀಸ್ ಮಾಡಿದಾಗ ಹೋಗುವುದು ಮೂರನೆಯದರ ಲಾಕ್. ಆಮೇಲೆ ಮೂರನೆಯದು ರಿಲೀಸ್ ಮಾಡಲು ಹೋದರೆ 'ಲಾಕ್ ಈಸ್ ನಾಟ್ ಅಕ್ವೈರ್ಡ್' ಎಂಬ ರನ್‌ಟೈಮ್ ಎರರ್. ತಪ್ಪು ಮಾಡಿದ್ದು ಯಾರು, ಬೈಸಿಕೊಂಡಿದ್ದು ಯಾರು! ಲಾಗ್ ನೋಡಿದವರು ಪಾಪ, ಮೂರನೆಯದರಲ್ಲೇ ಬಗ್ ಹುಡುಕುತ್ತಾ ಕೂರುತ್ತಾರೆ.

ಲಾಕ್ ಹಿಡಿಯುವುದು, ಬಿಡುವುದು ಎರಡನ್ನೂ ತಾನೇ ನೋಡಿಕೊಳ್ಳುವ ಅಸಿಂಕ್ ವಿತ್ ಬಳಸಿದರೆ ಈ ರಗಳೆಯೇ ಇಲ್ಲ. ಲಾಕ್ ಸಿಕ್ಕರೆ ಮಾತ್ರ ಬಿಡುತ್ತದೆ. ಕೈಯಲ್ಲೇ ಬರೆಯಬೇಕಾಗಿ ಬಂದರೆ ಅಕ್ವೈರ್ ಸಾಲನ್ನು ಟ್ರೈಗಿಂತ ಮೇಲೆ ಇಡಿ.

ಅವೇಟ್ ಮರೆಯುವುದು ಇನ್ನೊಂದು ತಪ್ಪು. ಇಫ್ ಜೊತೆ ಸುಮ್ನೆ ಅಕ್ವೈರ್ ಕರೆದರೆ ಕೈಗೆ ಬರುವುದು ಕೊರೂಟೀನ್ ಆಬ್ಜೆಕ್ಟ್, ಅಂದರೆ ಇನ್ನೂ ಓಡದೆ ಕೂತಿರುವ ಕೆಲಸ. ಅದು ಯಾವಾಗಲೂ ಟ್ರೂ, ಅಲ್ವಾ? ಲಾಕ್ ಇಲ್ಲದೆಯೇ ಒಳಗೆ ಹೋಗಿರುತ್ತೀರಿ. 'ನೆವರ್ ಅವೇಟೆಡ್' ಅನ್ನುವ ವಾರ್ನಿಂಗ್ ಬರುತ್ತದೆ, ಆದರೆ ಅದನ್ನು ಓದುವವರು ಕಡಿಮೆ. ಥ್ರೆಡ್‌ಗಳಿಗೆಂದೇ ಇರುವ ಥ್ರೆಡಿಂಗ್ ಲಾಕ್ ತಂದು ಇಲ್ಲಿ ಹಾಕಬೇಡಿ. ಅದು ಕಾಯುವಾಗ ಎಲ್ಲ ಟಾಸ್ಕ್‌ಗಳನ್ನೂ ಓಡಿಸುವ ಈವೆಂಟ್ ಲೂಪೇ ನಿಂತುಬಿಡುತ್ತದೆ.

ಲಾಕ್‌ಗಾಗಿ ಜಾಸ್ತಿ ಹೊತ್ತು ಕಾಯಬಾರದು ಅಂದರೆ ಪೈಥಾನ್ 3.11ರಲ್ಲಿ ಬಂದ ಅಸಿಂಕ್‌ಐಓ ಟೈಮ್‌ಔಟ್ ಇದೆ. ಇಲ್ಲೂ ಜಾಗ ನೋಡಿಕೊಳ್ಳಿ. ಟೈಮ್‌ಔಟ್ ಬ್ಲಾಕ್ ಒಳಗೆ ಇಡೀ ಅಸಿಂಕ್ ವಿತ್ ತುರುಕಿದರೆ ಒಳಗಿನ ಕೆಲಸದ ಸಮಯವೂ ಲೆಕ್ಕಕ್ಕೆ ಬರುತ್ತದೆ. ಮಿತಿ 5 ಸೆಕೆಂಡ್ ಇದ್ದು, ಅದರಲ್ಲಿ ನಾಲ್ಕು ಸೆಕೆಂಡ್ ಸರದಿಯಲ್ಲೇ ಕಳೆದುಹೋದರೆ ಟೋಕನ್ ತರಲು ಉಳಿಯುವುದು ಒಂದೇ ಸೆಕೆಂಡ್. ಕಾಯುವುದಕ್ಕೆ ಮಾತ್ರ ಮಿತಿ ಬೇಕಿದ್ದರೆ ಅಕ್ವೈರ್ ಒಂದನ್ನೇ ಅದರೊಳಗೆ ಇಟ್ಟು, ಟ್ರೈ ಮತ್ತು ಫೈನಲಿಯನ್ನು ಹೊರಗೆ, ಅದರ ಕೆಳಗೆ ಬರೆಯಿರಿ.