ಷಡ್ಜ ಕೇಳಿಸದೆಯೇ ಶುರುವಾಗುವ ಸಂಗೀತವನ್ನು ಕೇಳುವುದು ಹೇಗೆ?

ಓದುಗರ ಪ್ರಶ್ನೆ: ಕರ್ನಾಟಕ ಸಂಗೀತವನ್ನು ಕೇಳಿಕೊಂಡೇ ಬೆಳೆದವನು ನಾನು. ಪಾಶ್ಚಾತ್ಯ ಶಾಸ್ತ್ರೀಯ ಸಂಗೀತದ ಶ್ರೇಷ್ಠ ಕೃತಿಗಳನ್ನೂ ಕೇಳಬೇಕೆಂಬ ಆಸೆ ಬಹಳ ದಿನಗಳಿಂದ ಇದೆ. ಆದರೆ ಎಲ್ಲರೂ ಹೊಗಳುವ ಸಿಂಫನಿಯೊಂದನ್ನು ಹಾಕಿಕೊಂಡು ಕುಳಿತರೆ ಮೊದಲ ಎರಡು ನಿಮಿಷ ಚೆನ್ನಾಗಿರುತ್ತದೆ, ಆಮೇಲೆ ಗಮನ ಎಲ್ಲೋ ಹೋಗಿಬಿಡುತ್ತದೆ. ರಾಗವೆಂದು ಹಿಡಿದುಕೊಳ್ಳಲು ಏನೂ ಸಿಗುವುದಿಲ್ಲ. ಅಲ್ಲಿ ನಾನು ಕೇಳಬೇಕಾದದ್ದು ಏನನ್ನು?

ಉತ್ತರ: ನಿಮ್ಮ ಕಿವಿಯಲ್ಲಿ ದೋಷವಿಲ್ಲ, ಅದು ತನಗೆ ಅಭ್ಯಾಸವಾದುದನ್ನು ಅಲ್ಲಿಯೂ ಹುಡುಕುತ್ತಿದೆ, ಅಷ್ಟೆ. ನಮ್ಮ ಕಛೇರಿಯಲ್ಲಿ ಗಾಯಕರು ಬಾಯಿ ತೆರೆಯುವ ಮೊದಲೇ ತಂಬೂರಿ ಷಡ್ಜವನ್ನು, ಅಂದರೆ ಆಧಾರ ಸ್ವರವಾದ ‘ಸ’ವನ್ನು, ಸಾರಿರುತ್ತದೆ. ಮುಂದಿನ ಮೂರು ಗಂಟೆ ಆ ಷಡ್ಜ ಕದಲುವುದಿಲ್ಲ, ಮಿಕ್ಕ ಸ್ವರಗಳೆಲ್ಲ ಅದರ ಆಸರೆಯಲ್ಲೇ ಅರ್ಥ ಪಡೆಯುತ್ತವೆ. ಪಾಶ್ಚಾತ್ಯ ಸಂಗೀತದ ದೊಡ್ಡ ಕೃತಿಗಳಲ್ಲಿ ಷಡ್ಜವೇ ಜಾಗ ಬದಲಿಸುತ್ತದೆ. ಅದು ಮನೆ ಬಿಟ್ಟು ಎಲ್ಲಿಗೆ ಹೋಯಿತು, ಎಷ್ಟು ದೂರ ಅಲೆಯಿತು, ಮರಳಿ ಬಂತೇ, ಬರುವಾಗ ಹೇಗಾಗಿ ಬಂತು ಎಂಬುದೇ ಅಲ್ಲಿನ ಕಥೆ. ನೂರು ಕೃತಿಗಳ ಪಟ್ಟಿಗಳನ್ನು ಪಕ್ಕಕ್ಕಿಟ್ಟು, ಎಲ್ಲರೂ ಒಂದಷ್ಟು ಕೇಳಿಯೇ ಇರುವ ಬೀಥೋವನ್‌ನ ಐದನೇ ಸಿಂಫನಿಯನ್ನು (ಇಡೀ ವಾದ್ಯವೃಂದಕ್ಕೆಂದು ನಾಲ್ಕು ಭಾಗಗಳಲ್ಲಿ ಬರೆದ ಕೃತಿ) ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಅದರ ಆರಂಭದ ನಾಲ್ಕು ಸ್ವರಗಳು ಫೋನಿನ ರಿಂಗ್‌ಟೋನಾಗಿ, ಜಾಹೀರಾತಾಗಿ ನಮ್ಮ ಕಿವಿಗೆ ಬಿದ್ದಿವೆ. ಸಿ ಮೈನರ್ ಶ್ರುತಿಯಲ್ಲಿರುವ, ಸ್ವರಗಳಲ್ಲಿ ನಮ್ಮ ನಠಭೈರವಿಗೆ ಹತ್ತಿರವಾದ ಈ ಕೃತಿಗೆ ಸಿ ಸ್ವರವನ್ನು ಷಡ್ಜವೆಂದು ಇಟ್ಟುಕೊಂಡರೆ ಅದು ಹೀಗೆ ಬರುತ್ತದೆ: ಪ ಪ ಪ ಗಾ. ಒಂದು ಕ್ಷಣದ ಮೌನ. ಮತ್ತೆ, ಮ ಮ ಮ ರೀ. ಗಾಂಧಾರ ಇಲ್ಲಿ ಸಾಧಾರಣ, ಮಧ್ಯಮ ಶುದ್ಧ, ರಿಷಭ ಚತುಶ್ರುತಿ. ಎತ್ತುಗಡೆ ಪೆಟ್ಟಿನ ಮೇಲಿಲ್ಲ. ಪೆಟ್ಟು ಮೌನದ ಮೇಲೆ ಬೀಳುತ್ತದೆ, ಸ್ವರಗಳು ಅದರ ಬೆನ್ನಿಗೆ ನುಗ್ಗುತ್ತವೆ. ಇಷ್ಟನ್ನು ಗುನುಗಿಕೊಂಡು ನೋಡಿದರೆ ನಮ್ಮವರಿಗೆ ತಕ್ಷಣ ಕಾಣಬೇಕಾದ ಒಂದು ವಿಚಿತ್ರವಿದೆ: ಎರಡು ಸಲ ಅಬ್ಬರಿಸಿದರೂ ಷಡ್ಜ ಇನ್ನೂ ಬಂದೇ ಇಲ್ಲ. ತಂಬೂರಿಯಂತೂ ಇಲ್ಲ. ಪಿಟೀಲು, ವಯೋಲಾ, ಚೆಲ್ಲೊಗಳೂ ಕ್ಲಾರಿನೆಟ್‌ಗಳೂ ಒಂದೇ ಸ್ವರವನ್ನು ಕೂಡಿ ನುಡಿಸುವುದರಿಂದ ಆಸರೆ ಕೊಡುವ ಬೇರೆ ಸ್ವರವೂ ಕೆಳಗಿಲ್ಲ. ಮೊದಲ ‘ಗಾ’ವನ್ನೇ ಷಡ್ಜವೆಂದುಕೊಂಡರೆ ಇದು ಶಂಕರಾಭರಣದ ತುಣುಕೂ ಆಗಬಹುದಿತ್ತು. ಕೇಳುವವನಿಗೆ ತಾನು ಎಲ್ಲಿ ನಿಂತಿದ್ದೇನೆಂದು ತಿಳಿಯುವುದು ಇದಾದ ಮೇಲೆಯೇ. ಆ ಆರಂಭ ಇಷ್ಟು ಗಾಬರಿ ಹುಟ್ಟಿಸುವುದಕ್ಕೆ ಅದರ ಸದ್ದಿಗಿಂತ ಈ ಅನಿಶ್ಚಯವೇ ದೊಡ್ಡ ಕಾರಣವೆಂದು ನನಗೆ ಅನ್ನಿಸುತ್ತದೆ. ವಿಧಿ ಬಾಗಿಲು ತಟ್ಟುವ ಸದ್ದು ಅದು ಎಂದು ಬೀಥೋವನ್ನನೇ ಹೇಳಿದನೆಂಬ ಕಥೆಯನ್ನು ನಮಗೆ ದಾಟಿಸಿದವನು ಅವನ ಕಾರ್ಯದರ್ಶಿಯಾಗಿದ್ದ ಶಿಂಡ್ಲರ್. ಕಿವುಡನಾದ ಬೀಥೋವನ್‌ನೊಡನೆ ಇತರರು ಬರೆದು ಮಾತನಾಡುತ್ತಿದ್ದ ಸಂಭಾಷಣೆಯ ಪುಸ್ತಕಗಳಲ್ಲಿ ತನ್ನ ಕೈಯಿಂದ ಸುಳ್ಳು ಬರಹಗಳನ್ನು ಸೇರಿಸಿದ್ದನೆಂದು ಸಿಕ್ಕಿಬಿದ್ದ ಮನುಷ್ಯ ಅವನು. ಆದ್ದರಿಂದ ವಿಧಿಯನ್ನು ಬಿಟ್ಟು ಸ್ವರಗಳನ್ನು ಹಿಂಬಾಲಿಸುವುದೇ ಕ್ಷೇಮ.

ಒಂದು ನಿಮಿಷ ಕಳೆಯುವುದರೊಳಗೆ ಕೊಂಬಿನ ಬಳಗದ ಹಾರ್ನ್‌ಗಳು ಒಂದು ಕರೆ ಕೊಡುತ್ತವೆ, ಅದರ ಬೆನ್ನಿಗೆ ಪಿಟೀಲುಗಳಲ್ಲಿ ಮೃದುವಾದ ಹೊಸದೊಂದು ರಾಗಸಾಲು ತೆರೆದುಕೊಳ್ಳುತ್ತದೆ. ಷಡ್ಜ ಬದಲಾಗಿರುವುದು ಇಲ್ಲಿ. ಆರಂಭದಲ್ಲಿ ಎಳೆದು ನಿಲ್ಲಿಸಿದ್ದ ಅದೇ ಸಾಧಾರಣ ಗಾಂಧಾರ ಈಗ ಷಡ್ಜವಾಗಿ ಕುಳಿತಿದೆ. ಗ್ರಹಭೇದ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಠಭೈರವಿಯ ಗಾಂಧಾರವನ್ನು ಷಡ್ಜ ಮಾಡಿಕೊಂಡರೆ ಶಂಕರಾಭರಣ ಹುಟ್ಟುತ್ತದೆ. ವ್ಯತ್ಯಾಸವೇನೆಂದರೆ, ನಮ್ಮಲ್ಲಿ ಗ್ರಹಭೇದವೆಂದರೆ ವಿದ್ವಾಂಸರು ನಾಲ್ಕು ಕ್ಷಣ ತೋರಿಸಿ, ಸಭೆ ತಲೆದೂಗುತ್ತಿರುವಾಗಲೇ ಹಿಂದಿರುಗಿಬಿಡುವ ಚಮತ್ಕಾರ. ಅಲ್ಲಿ ಅದೇ ಇಡೀ ಕಟ್ಟಡದ ತೊಲೆ. ಆ ಮೃದುವಾದ ಸಾಲನ್ನು ಕೇಳುವಾಗ ಕಿವಿಯನ್ನು ಸ್ವಲ್ಪ ಕೆಳಕ್ಕೆ ಇಳಿಸಿ. ಚೆಲ್ಲೊ ಮತ್ತು ಡಬಲ್ ಬಾಸ್‌ಗಳಲ್ಲಿ ಮೊದಲಿನ ‘ಮೂರು ಚಿಕ್ಕದು, ಒಂದು ಉದ್ದ’ ಇನ್ನೂ ಗೊಣಗುತ್ತಿರುತ್ತದೆ. ಏಕಕಾಲಕ್ಕೆ ಎರಡು ಮಾತುಗಳನ್ನು ಕೇಳಿಸಿಕೊಳ್ಳುವ ಈ ಅಭ್ಯಾಸ ನಮಗೆ ಕಡಿಮೆ, ಏಕೆಂದರೆ ನಮ್ಮ ಸಂಗೀತ ಒಂದೇ ಎಳೆಯನ್ನು ಗಮಕಗಳಿಂದ ಸಿಂಗರಿಸಿ ಬೆಳೆಸುತ್ತದೆ. ಅಲ್ಲಿ ಸ್ವರಕ್ಕೆ ಗಮಕವಿಲ್ಲ. ಮೇಲಿನ ಸ್ವರ ಅಲ್ಲಾಡದೆ ನಿಂತಿದ್ದರೂ ಕೆಳಗಿನ ಸ್ವರ ಬದಲಾದೊಡನೆ ಅದರ ಬಣ್ಣ ಬದಲಾಗುತ್ತದೆ.

ಆರಂಭದ ಅಬ್ಬರ ಎರಡನೆಯ ಸಲ ಮರಳುವಾಗ ಇನ್ನೊಂದು ಘಟನೆ ಇದೆ. ಇಡೀ ವಾದ್ಯವೃಂದ ತಟ್ಟನೆ ನಿಂತು, ನಾಗಸ್ವರದ ಬಳಗದ ಒಂದೇ ಒಂದು ಓಬೋ ತಾಳದ ಹಂಗಿಲ್ಲದೆ ಕೆಲವೇ ಸ್ವರಗಳ ನಿಧಾನವಾದ ಸಂಚಾರವೊಂದನ್ನು ನುಡಿಸುತ್ತದೆ. ಇಷ್ಟು ಬಿಗಿಯಾದ ಕಟ್ಟಡದ ನಡುವೆ ಯಾರೋ ಆಲಾಪನೆಗೆ ಒಂದು ಕಿಟಕಿ ತೆರೆದಂತಿರುತ್ತದೆ. ಮೊದಲ ಹತ್ತು ಸಲ ನಾನು ಅದನ್ನು ಗಮನಿಸಿಯೇ ಇರಲಿಲ್ಲ; ಗಮನಿಸಿದ ಮೇಲೆ ಈಗ ಅದಕ್ಕಾಗಿಯೇ ಕಾಯುತ್ತೇನೆ.

ಎರಡನೆಯ ಭಾಗವನ್ನು ನಿಮ್ಮಷ್ಟಕ್ಕೆ ಕೇಳಿಕೊಳ್ಳಿ, ಅದು ಸಹಾಯ ಬೇಡದಷ್ಟು ಸುಲಭವಾಗಿ ಒಲಿಯುತ್ತದೆ. ಮೂರನೆಯದರ ಕೊನೆಯನ್ನು ಮಾತ್ರ ತಪ್ಪಿಸಿಕೊಳ್ಳಬಾರದು. ಎಲ್ಲ ಸದ್ದೂ ಇಳಿದು, ತಂತಿವಾದ್ಯಗಳು ಒಂದೆರಡು ಸ್ವರಗಳನ್ನು ಉಸಿರು ಬಿಗಿಹಿಡಿದಂತೆ ಹಿಡಿದುಕೊಂಡಿರುತ್ತವೆ. ನಗಾರಿಯ ಬಳಗದ ಟಿಂಪನಿ ಬಲು ಮೆಲ್ಲಗೆ ಷಡ್ಜವನ್ನು ತಟ್ಟುತ್ತಿರುತ್ತದೆ. ಆರಂಭದಲ್ಲಿ ನಮಗೆ ಸಿಗದಿದ್ದ ಆಸರೆ ತಂಬೂರಿಯ ಹಾಗೆ ಮಿಡಿಯುವುದು ಈ ಕತ್ತಲೆಯಲ್ಲಿ. ಸದ್ದು ಏರುತ್ತ ಹೋಗಿ, ಭಾಗ ಮುಗಿಯದೆಯೇ ನಾಲ್ಕನೆಯ ಭಾಗ ಒಡೆದು ಬರುತ್ತದೆ: ಸಾ, ಗಾ, ಪಾ. ಗಾಂಧಾರ ಈಗ ಅಂತರ ಗಾಂಧಾರ. ಷಡ್ಜ ಮೊದಲಿನದೇ, ರಾಗ ಶಂಕರಾಭರಣ. ಅಲ್ಲಿಯ ತನಕ ಸುಮ್ಮನೆ ಕುಳಿತಿದ್ದ ಮೂರು ಟ್ರಾಂಬೋನ್‌ಗಳು, ಒಂದು ಪಿಕೊಲೊ, ಒಂದು ಕಾಂಟ್ರಾ ಬಸೂನ್ ಮೊದಲ ಬಾರಿ ಸೇರುವುದೂ ಇಲ್ಲಿಯೇ. ಸುಮಾರು ಮೂವತ್ತೈದು ನಿಮಿಷಗಳ ಕೃತಿಯಲ್ಲಿ ಈ ಒಂದು ಕ್ಷಣಕ್ಕೆ ಬೆಲೆ ಬರುವುದು ಹಿಂದಿನದನ್ನೆಲ್ಲ ಕೇಳಿ ಬಂದವರಿಗೆ ಮಾತ್ರ. ಹಾಡಿನ ಪಲ್ಲವಿಯನ್ನಷ್ಟೇ ಕೇಳುವ ಹಾಗೆ ಇದನ್ನು ತುಂಡು ತುಂಡಾಗಿ ಕೇಳಿದರೆ ನೀವು ಹೇಳಿದಂತೆ ಗಮನ ಜಾರುವುದು ಸಹಜ.

ಇಂಥ ಕೃತಿಗಳು ಹುಟ್ಟಿದ ದಿನವೇ ಶ್ರೇಷ್ಠವೆನಿಸಿಕೊಂಡವು ಎಂದೂ ತಿಳಿಯಬೇಕಾಗಿಲ್ಲ. ಐದನೇ ಸಿಂಫನಿ ಮೊದಲು ನುಡಿದದ್ದು 1808ರ ಡಿಸೆಂಬರ್ 22ರಂದು ವಿಯೆನ್ನಾದಲ್ಲಿ, ಕೊರೆಯುವ ಚಳಿಯ ರಂಗಮಂದಿರದಲ್ಲಿ, ಸುಮಾರು ನಾಲ್ಕು ಗಂಟೆ ಎಳೆದ ಕಾರ್ಯಕ್ರಮದ ನಡುವೆ. ಆರನೇ ಸಿಂಫನಿಯೂ ಅದೇ ಸಂಜೆ ಮೊದಲ ಬಾರಿ ಕೇಳಿಬಂತು. ತಾಲೀಮು ಸಾಲದೆ, ಕೊನೆಯ ಕೃತಿಯನ್ನು ನಡುವೆ ನಿಲ್ಲಿಸಿ ಮತ್ತೆ ಎತ್ತಿಕೊಳ್ಳಬೇಕಾಯಿತು. ಐದನೆಯದರ ಹಿರಿಮೆಯನ್ನು ವಿಸ್ತಾರವಾಗಿ ಬರೆದು ತೋರಿಸಿದವನು ಜರ್ಮನ್ ಲೇಖಕ ಹಾಫ್‌ಮನ್, 1810ರಲ್ಲಿ. ಬಾಖ್‌ನ ‘ಸೇಂಟ್ ಮ್ಯಾಥ್ಯೂ ಪ್ಯಾಶನ್’ ಅವನ ಕಾಲದ ನಂತರ ಮರೆವಿಗೆ ಸರಿದಿತ್ತು. 1829ರಲ್ಲಿ ಬರ್ಲಿನ್‌ನಲ್ಲಿ ಅದನ್ನು ಮತ್ತೆ ಕೇಳಿಸಿದಾಗ ಸಂಯೋಜಕ ಮೆಂಡೆಲ್ಸನ್‌ಗೆ ಇಪ್ಪತ್ತು ವರ್ಷ. ಶೂಬರ್ಟ್ ತೀರಿಕೊಂಡ ವರ್ಷವಾದ 1828ರಲ್ಲಿ ಬರೆದ ತಂತಿವಾದ್ಯಗಳ ಪಂಚಕ ಸಭೆಯ ಮುಂದೆ ಬಂದದ್ದು 1850ರಲ್ಲಿ.

ಮುಂದೇನು ಕೇಳಬೇಕೆಂದು ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಒಂದೆರಡು ವಾರ ಐದನೆಯದನ್ನೇ ಕೇಳಿ, ಬಳಿಕ ಬಾಖ್‌ನ ‘ಗೋಲ್ಡ್‌ಬರ್ಗ್ ವೇರಿಯೇಷನ್ಸ್’ಗೆ ಹೋಗಿ. 1741ರಲ್ಲಿ ಅಚ್ಚಾದ ಈ ಕೃತಿಯಲ್ಲಿ ಒಂದು ಸರಳ ಹಾಡಿನ ಮಂದ್ರದ ಎಳೆಯನ್ನು ಹಿಡಿದುಕೊಂಡು ಅದರ ಮೇಲೆ ಮೂವತ್ತು ಬಗೆಯ ಕಟ್ಟಡಗಳನ್ನು ಎಬ್ಬಿಸಿ, ಕೊನೆಗೆ ಮೊದಲಿನ ಹಾಡನ್ನೇ ಮರಳಿ ನುಡಿಸುತ್ತಾರೆ. ಸಾಹಿತ್ಯದ ಒಂದೇ ಸಾಲನ್ನು ನೆರವಲಿನಲ್ಲಿ ಬೆಳೆಸುವುದನ್ನು ಕೇಳಿ ಬಲ್ಲವರಿಗೆ ಈ ಪಟ್ಟು ಪರಕೀಯವೆನಿಸುವುದಿಲ್ಲ, ನೆರವಲು ಮನೋಧರ್ಮ, ಇದು ಬರೆದಿಟ್ಟದ್ದು ಎಂಬುದೊಂದನ್ನು ಬಿಟ್ಟರೆ.

ಮೂರನೆಯದಾಗಿ, ಮೈಸೂರಿಗೆ ನೇರವಾದ ನಂಟಿರುವ ಒಂದು ಕೃತಿ: ರಿಚರ್ಡ್ ಸ್ಟ್ರಾಸ್‌ನ ‘ಕೊನೆಯ ನಾಲ್ಕು ಹಾಡುಗಳು’. ಶ್ರೀವಿದ್ಯಾ ಅಂಕಿತದಲ್ಲಿ ಕೃತಿಗಳನ್ನು ರಚಿಸಿದ ಜಯಚಾಮರಾಜ ಒಡೆಯರ್ ಅವರು ಪಿಯಾನೊ ಬಲ್ಲವರೂ ಆಗಿದ್ದರು. ಲಂಡನ್ನಿನ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಗೆ ಅವರೇ ಮೊದಲ ಅಧ್ಯಕ್ಷರು. ರಷ್ಯದ ಸಂಯೋಜಕ ಮೆಟ್ನರ್‌ನ ಸಂಗೀತ ಧ್ವನಿಮುದ್ರಣಗೊಂಡು ಉಳಿದದ್ದು ಅವರ ಹಣದಿಂದ. ಸ್ಟ್ರಾಸ್ ಈ ಹಾಡುಗಳನ್ನು 1948ರಲ್ಲಿ ಬರೆದು, ಅವನ್ನು ಕೇಳಿಸಿಕೊಳ್ಳದೆಯೇ ಮರು ವರ್ಷ ತೀರಿಕೊಂಡ. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ ಗಾಯಕಿ ಕರ್ಸ್ಟನ್ ಫ್ಲಾಗ್‌ಸ್ಟಾಡ್ ಅವನ್ನು ಮೊದಲು ಹಾಡಿದ ಕಛೇರಿಗೆ ಹಣದ ಭರವಸೆ ಕೊಟ್ಟವರು ಮೈಸೂರಿನ ಮಹಾರಾಜರು. ತಮಗೆ ಬರಲಾಗದಿದ್ದುದರಿಂದ ಅದರ ಧ್ವನಿಮುದ್ರಣವನ್ನು ಮೈಸೂರಿಗೆ ತರಿಸಿಕೊಂಡರು.

ಈಗ ‘ಸಂಜೆಗೆಂಪಿನಲ್ಲಿ’ ಎಂಬ ಹಾಡನ್ನೇ ಕೊನೆಯಲ್ಲಿಟ್ಟು ಹಾಡುವುದು ರೂಢಿ. ದೂರ ನಡೆದು ದಣಿದ ಇಬ್ಬರು, ಕವಿಯುತ್ತಿರುವ ಕತ್ತಲು, ಮೇಲಕ್ಕೇರುವ ಎರಡು ಬಾನಾಡಿಗಳು. ಬಾನಾಡಿಗಳ ಮಾತು ಬಂದಾಗ ಎರಡು ಕೊಳಲುಗಳು ಅದುರುತ್ತವೆ. ‘ಇದೇ ಸಾವು ಇರಬಹುದೇ’ ಎಂದು ಕೇಳಿ ಗಾಯಕಿ ನಿಲ್ಲಿಸುತ್ತಾಳೆ. ಆಗ ಹಾರ್ನ್, ಸ್ಟ್ರಾಸ್ ಸುಮಾರು ಅರವತ್ತು ವರ್ಷಗಳ ಹಿಂದೆ ಸಾವಿನ ಬಗ್ಗೆಯೇ ಬರೆದಿದ್ದ ಕೃತಿಯೊಂದರ ಎಳೆಯನ್ನು ಮೆಲ್ಲಗೆ ಎತ್ತುತ್ತದೆ. ಬೀಥೋವನ್ ಅಬ್ಬರದಿಂದ ಸೇರಿದ ಮನೆಗೆ ಈ ಮುದುಕ ಬಾಗಿಲ ಸದ್ದೂ ಆಗದಂತೆ ಹೋಗುತ್ತಾನೆ; ವಾದ್ಯವೃಂದ ಷಡ್ಜದಲ್ಲಿ ನೆಲೆಯಾಗುತ್ತಿರುವಾಗ ಆ ಎರಡು ಹಕ್ಕಿಗಳು ಇನ್ನೂ ಕೇಳಿಸುತ್ತಿರುತ್ತವೆ.